ಕೆಲಸಕ್ಕೆ ಬಂದ ಹುಡುಗ ನಮ್ಮ ಅಮಾನತ್ತು

ನಮಾಝ್, ಉಪವಾಸ, ಝಕಾತ್ ಮತ್ತು ಹಜ್ಜ್‌ನ ಬಗ್ಗೆ ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ವಿಚಾರಣೆ ಇದೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಮ್ಮ ಅಂಗಡಿಯ ಕಸ ಗುಡಿಸುವ ಹುಡುಗನ ಬಗ್ಗೆಯೂ, ದಿನವಿಡೀ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸಗಾರನ ಬಗ್ಗೆಯೂ, ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸಿನ ಬಗ್ಗೆಯೂ ಅದೇ ಸನ್ನಿಧಿಯಲ್ಲಿ ಉತ್ತರ ಕೊಡಬೇಕಾಗಿದೆ ಎಂಬುದು ನಮಗೆಷ್ಟು ನೆನಪಿರುತ್ತದೆ? ಪ್ರವಾದಿವರ್ಯರು(ಸ) ನಮ್ಮಲ್ಲಿ ಪ್ರತಿಯೊಬ್ಬರನ್ನೂ ಕುರಿಗಾಹಿಗೆ ಹೋಲಿಸಿ, ಪ್ರತಿಯೊಬ್ಬರಲ್ಲಿಯೂ ಅವರವರ ಮಂದೆಯ ಕುರಿತು ಪ್ರಶ್ನಿಸಲಾಗುವುದೆಂದು ಎಚ್ಚರಿಸಿದ್ದಾರೆ (ಬುಖಾರಿ, ಮುಸ್ಲಿಮ್). ಮನೆಯ ಯಜಮಾನನಿಗೆ ಮನೆಮಂದಿಯ ಹೊಣೆ ಇರುವಂತೆಯೇ ಕೆಲಸದ ಯಜಮಾನನಿಗೆ ಕೈಕೆಳಗಿನವರ ಹೊಣೆ ಇದೆ.

‘ನಾನೇನು ದೊಡ್ಡ ಕಾರ್ಖಾನೆಯ ಮಾಲೀಕನೇ?’ ಎಂದು ಕೆಲವರು ಕೇಳಬಹುದು. ನಮ್ಮ ಬೆಳಗಾವಿಯನ್ನೇ ನೋಡಿರಿ. ಉದ್ಯಮಬಾಗದಲ್ಲಿ ಫೌಂಡ್ರಿಗಳೂ ಯಂತ್ರಭಾಗಗಳ ಶೆಡ್ಡುಗಳೂ ಸಾಲುಗಟ್ಟಿ ನಿಂತಿವೆ. ವಡಗಾವಿ, ಖಾಸಬಾಗ, ಶಹಾಪುರಗಳ ಮನೆಮನೆಗಳಲ್ಲಿ ವಿದ್ಯುತ್ ಮಗ್ಗಗಳು ಸದ್ದು ಮಾಡುತ್ತವೆ. ಮಹಾಂತೇಶ ನಗರದಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇದೆ. ಅಲ್ಲಿಂದ ಕಣಬರ್ಗಿಯತ್ತ ಹೋದರೆ ಆಟೋ ನಗರ, ಅಲ್ಲಿ ಗ್ಯಾರೇಜುಗಳು. ಹತ್ತರಗಿಯಲ್ಲಂತೂ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ಇವೆಲ್ಲವುಗಳ ನಡುವೆ ಇಬ್ಬರು ಮೂವರನ್ನು ಇಟ್ಟುಕೊಂಡು ದುಡಿಯುವ ಗ್ಯಾರೇಜಿನವರು, ವೆಲ್ಡಿಂಗ್‌ನವರು, ಟೇಲರುಗಳು, ಹಣ್ಣಿನ ವ್ಯಾಪಾರಿಗಳು, ಬೇಕರಿಯವರು ಅಸಂಖ್ಯ. ನಮ್ಮ ಸಮುದಾಯದ ಬಹುತೇಕ ‘ಮಾಲೀಕರು’ ಈ ವರ್ಗಕ್ಕೆ ಸೇರಿದವರು. ಇವರಿಗೆ ಮ್ಯಾನೇಜರ್ ಇಲ್ಲ, ತರಬೇತಿ ವಿಭಾಗವಿಲ್ಲ. ಎಲ್ಲವೂ ಉಸ್ತಾದನೇ, ಎಲ್ಲವೂ ಮೇಸ್ತ್ರಿಯೇ. ಆದ್ದರಿಂದ ಹೊಣೆಯೂ ಪೂರ್ತಿ ಅವರದ್ದೇ.

ಈ ಮಾಲೀಕರಲ್ಲಿ ಯಾರನ್ನು ಕೇಳಿದರೂ ದೂರು ಒಂದೇ: ‘ಹುಡುಗರು ನಿಲ್ಲುವುದಿಲ್ಲ. ಕೆಲಸ ಕಲಿತ ಮೇಲೆ ಹೇಳದೆ ಹೋಗುತ್ತಾರೆ.’ ಹುಡುಗರನ್ನು ಕೇಳಿದರೆ ಅವರ ದೂರೂ ಒಂದೇ: ‘ವರ್ಷಗಟ್ಟಲೆ ಇದ್ದರೂ ಕಲಿಸುವುದಿಲ್ಲ, ಬೈಗುಳ ಮಾತ್ರ ತಪ್ಪುವುದಿಲ್ಲ.’ ಈ ಎರಡು ದೂರುಗಳೂ ಒಂದೇ ರೋಗದ ಎರಡು ಲಕ್ಷಣಗಳೆಂದು ತೋರುತ್ತದೆ. ಕೆಲಸಗಾರನನ್ನು ನಾವು ಕೊಂಡುಕೊಂಡ ಕೈಗಳೆಂದು ಭಾವಿಸಿದ್ದೇವೆ. ಇಸ್ಲಾಮ್ ಅವನನ್ನು ನಮ್ಮ ವಶಕ್ಕೆ ಒಪ್ಪಿಸಲಾದ ಅಮಾನತ್ತೆಂದು ಪರಿಗಣಿಸುತ್ತದೆ. ಈ ವ್ಯತ್ಯಾಸವನ್ನು ಅರಿತರೆ ಆಯ್ಕೆ, ಕಲಿಕೆ, ತಿದ್ದುವಿಕೆ, ಪಗಾರ, ಪ್ರೋತ್ಸಾಹ ಎಲ್ಲವೂ ಬೇರೆಯೇ ರೂಪ ತಾಳುತ್ತವೆ.

ಆಳಲ್ಲ, ಸಹೋದರ

ಹ. ಅಬೂದರ್(ರ) ಒಮ್ಮೆ ಕೋಪದ ಭರದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಅವರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಖಂಡಿಸಿದರು. ಆ ಸಂದರ್ಭದಲ್ಲಿ ನೀಡಿದ ಬೋಧನೆಯ ಸಾರ ಹೀಗಿದೆ: ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅಲ್ಲಾಹನು ಅವರನ್ನು ನಿಮ್ಮ ಅಧೀನದಲ್ಲಿರಿಸಿದ್ದಾನೆ. ತಾನು ಉಣ್ಣುವುದನ್ನು ಅವರಿಗೆ ಉಣಿಸಬೇಕು, ತಾನು ಉಡುವುದನ್ನು ಅವರಿಗೆ ಉಡಿಸಬೇಕು. ಅವರ ಶಕ್ತಿ ಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ತಾನೂ ಕೈಗೂಡಿಸಬೇಕು (ಬುಖಾರಿ).

ಕೈಗೂಡಿಸಬೇಕೆಂಬ ಮಾತು ಗಮನಾರ್ಹ. ಭಾರವಾದ ಎರಕದ ಅಚ್ಚನ್ನು ಎತ್ತುವಾಗ ಕುರ್ಚಿಯಲ್ಲಿ ಕುಳಿತು ಕೂಗುವ ಯಜಮಾನನಿಗೂ ಎದ್ದು ಬಂದು ಒಂದು ಕೈ ಹಚ್ಚುವ ಯಜಮಾನನಿಗೂ ಎಷ್ಟು ಅಂತರ! ಎರಡನೆಯವನ ಶೆಡ್ಡಿನಲ್ಲಿ ಹುಡುಗರು ಕರೆಯದೆಯೇ ಓಡಿಬರುತ್ತಾರೆ.

ಈ ಬೋಧನೆ ಮನೆಯೊಳಗೂ ಅನ್ವಯವಾಗುತ್ತದೆ. ಮನೆಗೆಲಸದವಳಿಗೆ ನಿನ್ನೆಯ ಸಾರು, ಒಡೆದ ಕಪ್ಪು, ಬಾಗಿಲಾಚೆಯ ನೆಲ ಮೀಸಲಿಡುವ ರೂಢಿ ಕೆಲವು ಕಡೆ ಇನ್ನೂ ಇದೆ. ಅಡುಗೆ ಮಾಡಿ ತಂದ ಸೇವಕನನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಕು, ಅದು ಸಾಧ್ಯವಾಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕು, ಏಕೆಂದರೆ ಒಲೆಯ ಬಿಸಿಯನ್ನು ಸಹಿಸಿದವನು ಅವನು ಎಂಬರ್ಥದ ಹದೀಸ್ ಇದೆ (ಬುಖಾರಿ). ಹೊಗೆ ಕುಡಿದವರಿಗೆ ರುಚಿಯಲ್ಲೂ ಪಾಲಿರಬೇಕೆಂಬ ಸೂಕ್ಷ್ಮತೆಯನ್ನು ನೋಡಿರಿ. ನಮ್ಮ ಮಕ್ಕಳು ಯಜಮಾನಿಕೆಯ ಮೊದಲ ಪಾಠವನ್ನು ಇಲ್ಲಿಯೇ, ತಾಯಿಯು ಕೆಲಸದಾಕೆಯೊಡನೆ ಮಾತಾಡುವ ಧಾಟಿಯಿಂದಲೇ ಕಲಿಯುತ್ತಾರೆ.

ಆರಿಸುವಾಗ

ಹ. ಮೂಸಾ(ಅ) ಮದ್‌ಯನಿಗೆ ಬಂದಾಗ ಅಲ್ಲಿನ ವೃದ್ಧರೊಬ್ಬರ ಪುತ್ರಿಯು ಅವರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸಲಹೆ ನೀಡಿದಳು. ಅದಕ್ಕೆ ಆಕೆ ಹೇಳಿದ ಕಾರಣಗಳು ಎರಡೇ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ (ಅಲ್‌ಕಸಸ್: 26). ಹ. ಯೂಸುಫ್(ಅ) ಈಜಿಪ್ಟಿನ ಭಂಡಾರದ ಹೊಣೆ ಕೇಳಿದಾಗಲೂ ತಾನು ಕಾಪಾಡಬಲ್ಲವನು ಮತ್ತು ತಿಳಿದವನು ಎಂದೇ ಹೇಳಿಕೊಂಡರು (ಯೂಸುಫ್: 55). ಎರಡರಲ್ಲಿ ಒಂದಿದ್ದರೆ ಸಾಲದು. ಕೈಚಳಕವಿದ್ದು ನಂಬಿಕೆಯಿಲ್ಲದವನು ಗಲ್ಲಾಪೆಟ್ಟಿಗೆಗೆ ಅಪಾಯ. ನಂಬಿಕೆಯಿದ್ದು ಕೈಚಳಕವಿಲ್ಲದವನು ಯಂತ್ರಕ್ಕೆ ಅಪಾಯ. ಆದರೆ ಕೈಚಳಕವನ್ನು ಕಲಿಸಬಹುದು. ಆದ್ದರಿಂದ ಎಳೆಯರನ್ನು ಆರಿಸುವಾಗ ಪ್ರಾಮಾಣಿಕತೆಗೆ ಮೊದಲ ಸ್ಥಾನ ಕೊಡುವುದು ಜಾಣತನ.

ಬಂಧುವೆಂದೋ ಓಣಿಯವನೆಂದೋ ಅನರ್ಹನನ್ನು ಕೂರಿಸುವ ಚಾಳಿ ನಮ್ಮಲ್ಲಿದೆ. ಪ್ರವಾದಿವರ್ಯರು(ಸ) ಹಿಜ್‌ರಾದ ಅಪಾಯಕಾರಿ ಪ್ರಯಾಣಕ್ಕೆ ದಾರಿ ತೋರಿಸಲು ಕೂಲಿಗೆ ಗೊತ್ತು ಮಾಡಿಕೊಂಡ ವ್ಯಕ್ತಿ ಮುಸ್ಲಿಮನಾಗಿರಲಿಲ್ಲ. ದಾರಿ ಬಲ್ಲವನು, ನಂಬಿಕಸ್ಥನು ಎಂಬ ಕಾರಣಕ್ಕೆ ಅವನಿಗೆ ಒಂಟೆಗಳನ್ನೂ ಗುಟ್ಟನ್ನೂ ಒಪ್ಪಿಸಲಾಯಿತು (ಬುಖಾರಿ). ಪ್ರಾಣಾಪಾಯದ ಹೊತ್ತಿನಲ್ಲೂ ಅರ್ಹತೆಯೇ ಅಳತೆಗೋಲಾಗಿತ್ತು.

ಮಾತುಕತೆ ಮೊದಲೇ ಸ್ಪಷ್ಟವಾಗಬೇಕು. ಮದ್‌ಯನಿನ ವೃದ್ಧರು 8 ವರ್ಷದ ಸೇವೆಯ ಕರಾರು ಮಾಡಿದರು. 10 ವರ್ಷ ಪೂರೈಸಿದರೆ ಅದು ಹ. ಮೂಸಾರ(ಅ) ಸ್ವಂತ ಇಚ್ಛೆ ಎಂದರು. ಅಲ್ಲದೆ ತಾನು ಕಷ್ಟ ಕೊಡಬಯಸುವುದಿಲ್ಲವೆಂದೂ ಭರವಸೆಯಿತ್ತರು (ಅಲ್‌ಕಸಸ್: 27). ಅವಧಿ, ಪ್ರತಿಫಲ, ಯಜಮಾನನ ನಡತೆ ಮೂರೂ ಆ ಕರಾರಿನಲ್ಲಿವೆ. ನಮ್ಮಲ್ಲೋ ‘ಬಾ, ಕೆಲಸ ನೋಡಿ ಕೊಡ್ತೀನಿ’ ಎಂಬ ಒಂದೇ ಮಾತು. ತಿಂಗಳ ಕೊನೆಯಲ್ಲಿ ಮನಸ್ತಾಪ. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಆಜ್ಞಾಪಿಸಿದ (ಅಲ್‌ಬಕರಃ: 282) ಗ್ರಂಥದ ಅನುಯಾಯಿಗಳಾದ ನಾವು ಕೆಲಸದ ವೇಳೆ, ರಜೆ, ಪಗಾರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ವಯಸ್ಸಿನ ವಿಚಾರವನ್ನೂ ಮರೆಯಬಾರದು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ. 14ರಿಂದ 18ರ ವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವಂತಿಲ್ಲ. ಫೌಂಡ್ರಿ ಅಂಥ ಕೆಲಸಗಳಲ್ಲಿ ಒಂದು. ‘ಬಡವರ ಮಗ, ಅನ್ನ ಕೊಡುತ್ತಿದ್ದೇನೆ’ ಎಂಬ ಸಮಾಧಾನ ಸಾಲದು. ಶಾಲೆಯಲ್ಲಿರಬೇಕಾದ ಹುಡುಗನ ಕೈಯಿಂದ ಪುಸ್ತಕ ಕಸಿದು ಪಾನಾ ಕೊಡುವುದು ಉಪಕಾರವಲ್ಲ. ನಿಜವಾದ ಕರುಣೆಯಿದ್ದರೆ ಅವನ ಶಾಲೆಯ ಖರ್ಚು ವಹಿಸಿರಿ. ವಯಸ್ಸಾದ ಮೇಲೆ ಅವನೇ ಬರುತ್ತಾನೆ.

ಬಚ್ಚಿಟ್ಟ ಕಸುಬು

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಯಾರೇಜುಗಳಲ್ಲಿ ಇಂಥ ಮಾತು ಸಾಮಾನ್ಯ. ಇಂಜಿನ್ನಿನ ಮೇಲ್ಭಾಗವನ್ನು ಕೂರಿಸುತ್ತಿರುವ ಉಸ್ತಾದನನ್ನು ಹುಡುಗ ಕೇಳುತ್ತಾನೆ: ‘ಉಸ್ತಾದ್, ನಡುವಿನ ಬೋಲ್ಟ್ ಮೊದಲು ಯಾಕ ಬಿಗೀತೀರಿ?’ ಉತ್ತರ: ‘ನಿನಗ್ಯಾಕ ಬೇಕೋ ಅದು? ಪಾನಾ ಕೊಡು.’

ಆ ಪ್ರಶ್ನೆಗೆ ಉತ್ತರಿಸಲು ಅರ್ಧ ನಿಮಿಷ ಸಾಕಿತ್ತು. ಒಂದು ತುದಿಯಿಂದ ಬಿಗಿದರೆ ತಗಡು ಸೊಟ್ಟಗಾಗುತ್ತದೆ, ಅನಿಲ ಸೋರುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ, ಅದೂ ಒಂದೇ ಸಲಕ್ಕಲ್ಲ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಇಷ್ಟನ್ನು ಹೇಳಿದ್ದರೆ ಹುಡುಗ ಮೇಸ್ತ್ರಿಯಾಗುವ ದಾರಿಯಲ್ಲಿ ಒಂದು ಹೆಜ್ಜೆ ಇಡುತ್ತಿದ್ದ. ಹೇಳದ ಕಾರಣ ಅವನು ನಾಲ್ಕು ವರ್ಷವಾದರೂ ಡೀಸೆಲ್‌ನಲ್ಲಿ ಬಿಡಿಭಾಗ ತೊಳೆಯುವವನಾಗಿ, ಚಹಾ ತರುವವನಾಗಿಯೇ ಉಳಿಯುತ್ತಾನೆ. ಉಸ್ತಾದ್ ಹೀಗೇಕೆ ಮಾಡುತ್ತಾನೆ? ಅವನು ಕೆಟ್ಟವನಲ್ಲ. ಅವನ ಮನಸ್ಸಿನಲ್ಲಿ ಒಂದು ಭಯವಿದೆ: ‘ಎಲ್ಲ ಕಲಿಸಿದರೆ ನಾಳೆ ನನ್ನೆದುರಿಗೇ ಅಂಗಡಿ ಹಾಕುತ್ತಾನೆ.’

ಈ ಭಯವು ಈಮಾನ್‌ಗೆ ಸಂಬಂಧಿಸಿದ ವಿಷಯ. ಅನ್ನಾಧಾರವನ್ನು ಹಂಚುವವನು ಅಲ್ಲಾಹನೇ ಎಂದು ನಮಾಝ್‌ನಲ್ಲಿ ಒಪ್ಪಿಕೊಂಡವನು ಪಾನಾ ಹಿಡಿದಾಗ ಅದನ್ನು ಮರೆಯುವುದುಂಟೇ? ಹುಡುಗನ ಅನ್ನವನ್ನು ನಾವು ತಡೆಯಲಾರೆವು, ನಮ್ಮ ಅನ್ನವನ್ನು ಅವನು ಕಸಿಯಲಾರ. ಲೌಕಿಕ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ಲೆಕ್ಕ. ಕಲಿಸದ ಹುಡುಗನಿಂದ ಉಸ್ತಾದನ ಹೊರೆ ಇಳಿಯುವುದಿಲ್ಲ. ಅವನು ಒಂದು ದಿನ ಮದುವೆಗೆ ಹೋದರೆ ಗ್ಯಾರೇಜ್ ಮುಚ್ಚಬೇಕು.

ಪ್ರವಾದಿವರ್ಯರು(ಸ) ಹೇಗೆ ಕಲಿಸುತ್ತಿದ್ದರು? ಹ. ಅಬೂ ಸಈದ್(ರ) ವರದಿ ಮಾಡಿರುವ ಒಂದು ಘಟನೆ ಇದೆ. ಹುಡುಗನೊಬ್ಬ ಕುರಿಯ ಚರ್ಮ ಸುಲಿಯುತ್ತಿದ್ದ. ಆ ದಾರಿಯಾಗಿ ಬಂದ ಪ್ರವಾದಿವರ್ಯರು(ಸ) ಅವನನ್ನು ತುಸು ಸರಿಯಲು ಹೇಳಿ, ತೋರಿಸಿಕೊಡುವುದಾಗಿ ತಿಳಿಸಿ, ಚರ್ಮ ಮತ್ತು ಮಾಂಸದ ನಡುವೆ ತಮ್ಮ ಕೈಯನ್ನು ಕಂಕುಳದ ವರೆಗೂ ತೂರಿಸಿ ಸುಲಿಯುವ ಕ್ರಮವನ್ನು ತೋರಿಸಿದರು. ಬಳಿಕ ನಮಾಝ್‌ಗೆ ತೆರಳಿದರು (ಅಬೂದಾವೂದ್). ಲೋಕದ ನಾಯಕರು, ಇಡೀ ಸಮುದಾಯದ ಹೊಣೆ ಹೊತ್ತವರು, ನಮಾಝ್‌ಗೆ ಹೋಗುತ್ತಿರುವವರು ಒಬ್ಬ ಹುಡುಗನಿಗೆ ಕಸುಬು ತೋರಿಸಲು ತೋಳು ಮೇಲೇರಿಸಿದರು! ಅವರು ಅವನನ್ನು ಗದರಿಸಲಿಲ್ಲ. ಉಪದೇಶ ಮಾಡಿ ಮುಂದೆ ಹೋಗಲೂ ಇಲ್ಲ. ಕೈಯಿಂದ ಮಾಡಿ ತೋರಿಸಿದರು. ಕೆಲಸ ಕಲಿಸುವ ಪ್ರತಿಯೊಬ್ಬನೂ ಈ ಹದೀಸನ್ನು ನೆನಪಿನಲ್ಲಿಡಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರ ವರೆಗೆ, ಅಮೆರಿಕದ ಕಾರ್ಖಾನೆಗಳಿಗೆ ಕೆಲಸವೇ ಗೊತ್ತಿಲ್ಲದ ಲಕ್ಷಾಂತರ ಜನ ಬಂದು ಸೇರಿದರು. ಅವರಿಗೆ ಬೇಗ ಕೆಲಸ ಕಲಿಸುವ ಸಲುವಾಗಿ ಅಲ್ಲಿನ ಸರಕಾರ ಮೇಸ್ತ್ರಿಗಳಿಗಾಗಿ ನಾಲ್ಕು ಹೆಜ್ಜೆಗಳ ಕ್ರಮವೊಂದನ್ನು ಪ್ರಚಾರಕ್ಕೆ ತಂದಿತು. ಯುದ್ಧಾನಂತರ ಜಪಾನೀಯರು ಅದನ್ನು ಕಲಿತು ತಮ್ಮ ಕಾರ್ಖಾನೆಗಳಲ್ಲಿ ಬೆಳೆಸಿಕೊಂಡರು. ಆ ಕ್ರಮ ಇಷ್ಟೇ. ಮೊದಲು, ಕಲಿಯುವವನ ಅಂಜಿಕೆ ಹೋಗಲಾಡಿಸಿ ಅವನಿಗೆ ಎಷ್ಟು ಗೊತ್ತೆಂದು ತಿಳಿಯುವುದು. ಎರಡನೆಯದು, ಒಂದೊಂದೇ ಹಂತವನ್ನು ಹೇಳುತ್ತಾ ಮಾಡಿ ತೋರಿಸುವುದು, ಅದರ ಕಾರಣವನ್ನೂ ಹೇಳುವುದು. ಮೂರನೆಯದು, ಅವನಿಂದ ಮಾಡಿಸಿ, ಏಕೆ ಹಾಗೆ ಮಾಡಿದನೆಂದು ಅವನ ಬಾಯಿಂದಲೇ ಕೇಳುವುದು. ನಾಲ್ಕನೆಯದು, ಅವನಷ್ಟಕ್ಕೆ ಬಿಟ್ಟು, ಆಗಾಗ ಬಂದು ನೋಡುವುದು. ಹುಡುಗ ಕಲಿಯದಿದ್ದರೆ ಮೊದಲ ಸಂಶಯ ಕಲಿಸುವವನ ಮೇಲೆ ಬರಬೇಕೆಂಬುದು ಆ ಕ್ರಮದ ತಿರುಳು. ಇದನ್ನು ಕುರಿ ಸುಲಿದ ಹುಡುಗನ ಹದೀಸಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮನೆಯ ಸಂಪತ್ತನ್ನು ನಾವೇ ಮರೆತಿದ್ದೇವೆ ಎನಿಸದಿರದು.

ಇಬ್ನು ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಃ’ದಲ್ಲಿ ಕಸುಬುಗಳ ಬಗ್ಗೆ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕಸುಬೆಂಬುದು ಮತ್ತೆ ಮತ್ತೆ ಮಾಡುವುದರಿಂದ ಮೈಗೂಡುವ ಗುಣ. ಶಿಷ್ಯನ ನೈಪುಣ್ಯವು ಗುರುವಿನ ನೈಪುಣ್ಯ ಮತ್ತು ಕಲಿಸುವ ರೀತಿಯನ್ನು ಅವಲಂಬಿಸಿದೆ ಎಂಬುದು ಅವರ ಅಭಿಪ್ರಾಯದ ಸಾರ. ಆದ್ದರಿಂದ ನೋಡಿ ಕಲಿತರೆ ಸಾಲದು, ಮಾಡಲು ಅವಕಾಶ ಬೇಕು.

ಕಾರಣ ಹೇಳುವುದರ ಮಹತ್ವವನ್ನು ಉದ್ಯಮಬಾಗದ ಫೌಂಡ್ರಿಯಲ್ಲಿ ಕಾಣಬಹುದು. ಅಚ್ಚಿನ ಮರಳಿಗೆ ನೀರು ಹೆಚ್ಚಾದರೆ, ಕಾದ ಕಬ್ಬಿಣ ಸುರಿದಾಗ ಆ ನೀರು ಆವಿಯಾಗಿ ಎರಕದೊಳಗೆ ಗುಳ್ಳೆಗಳಾಗುತ್ತವೆ, ಮಾಲು ತಿರಸ್ಕೃತವಾಗುತ್ತದೆ. ಕರಗಿದ ಲೋಹ ಸಿಡಿದು ಮೈ ಸುಡುವ ಅಪಾಯವೂ ಇದೆ. ‘ನೀರು ಕಡಿಮೆ ಹಾಕೋ’ ಎಂದಷ್ಟೇ ಕೇಳಿದ ಹುಡುಗ ಉಸ್ತಾದನ ಕಣ್ಣು ತಪ್ಪಿದಾಗ ಹೆಚ್ಚು ಹಾಕಬಹುದು. ಕಾರಣ ತಿಳಿದವನು ಯಾರೂ ನೋಡದಿದ್ದರೂ ಅಳತೆ ಮೀರುವುದಿಲ್ಲ. ಗ್ಯಾರೇಜಿನಲ್ಲಿ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದೆಂಬುದೂ ಇಂಥದೇ ಪಾಠ. ಅದನ್ನು ಮೊದಲ ದಿನವೇ ಕಲಿಸಬೇಕು; ಅಪಘಾತವಾದ ಮೇಲೆ ತಕ್ದೀರ್ ಎಂದು ಕೈ ತೊಳೆದುಕೊಳ್ಳುವಂತಿಲ್ಲ.

ಕಲಿಸಿದ ಮೇಲೆ ಕಳುಹಿಸಿಕೊಡುವ ಮನಸ್ಸೂ ಬೇಕು. ಹ. ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಸಮವಯಸ್ಕ ಯುವಕರು ಪ್ರವಾದಿವರ್ಯರ(ಸ) ಬಳಿ 20 ರಾತ್ರಿ ತಂಗಿದರು. ಹುಡುಗರಿಗೆ ಮನೆಯ ನೆನಪು ಕಾಡುತ್ತಿದೆಯೆಂದು ಅವರು ಹೇಳುವ ಮುಂಚೆಯೇ ಪ್ರವಾದಿವರ್ಯರು(ಸ) ಅರಿತರು. ಮನೆಯಲ್ಲಿ ಯಾರ‍್ಯಾರಿದ್ದಾರೆಂದು ವಿಚಾರಿಸಿ, ಹಿಂದಿರುಗಿ ತಮ್ಮವರಿಗೂ ಕಲಿಸುವಂತೆ ಹೇಳಿ ಕಳುಹಿಸಿದರು (ಬುಖಾರಿ, ಮುಸ್ಲಿಮ್). ಕಲಿತವನು ಇನ್ನೊಬ್ಬರಿಗೆ ಕಲಿಸಲು ಹೋಗುವುದು ಗುರುವಿಗೆ ನಷ್ಟವಲ್ಲ, ಅದು ಅವನ ನಿರಂತರ ಪುಣ್ಯ. ಹೇಳದೆ ಓಡಿಹೋಗುವ ಹುಡುಗನಿಗಿಂತ ದುಆ ಪಡೆದು ಹೋಗಿ, ತನ್ನ ಗ್ಯಾರೇಜಿನಿಂದ ಕಷ್ಟದ ಕೆಲಸಗಳನ್ನು ಉಸ್ತಾದನಿಗೇ ಕಳುಹಿಸಿಕೊಡುವ ಶಿಷ್ಯ ಲೇಸಲ್ಲವೇ?

ತಪ್ಪಾದಾಗ

ಹ. ಅನಸ್(ರ) 10 ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಆ ಅವಧಿಯಲ್ಲಿ ಒಮ್ಮೆಯೂ ಬೇಸರದ ಉದ್ಗಾರವನ್ನಾಗಲಿ, ಇದನ್ನೇಕೆ ಮಾಡಿದೆ, ಅದನ್ನೇಕೆ ಬಿಟ್ಟೆ ಎಂಬ ಆಕ್ಷೇಪವನ್ನಾಗಲಿ ಕೇಳಲಿಲ್ಲವೆಂದು ಅವರೇ ಸಾಕ್ಷಿ ನುಡಿದಿದ್ದಾರೆ (ಬುಖಾರಿ, ಮುಸ್ಲಿಮ್). ಅನಸ್(ರ) ತಪ್ಪೇ ಮಾಡದ ಹುಡುಗನಾಗಿರಲಿಲ್ಲ. ಒಮ್ಮೆ ಕೆಲಸಕ್ಕೆ ಕಳುಹಿಸಿದಾಗ ದಾರಿಯಲ್ಲಿ ಆಡುತ್ತಿದ್ದ ಮಕ್ಕಳ ಬಳಿ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಾ ನಿಂತಿದ್ದರು! ಪ್ರೀತಿಯಿಂದ ಹೆಸರು ಹಿಡಿದು, ಹೇಳಿದ ಕಡೆ ಹೋದೆಯಾ ಎಂದು ವಿಚಾರಿಸಿದರು. ಹುಡುಗ ಈಗಲೇ ಹೋಗುತ್ತೇನೆಂದ (ಮುಸ್ಲಿಮ್). ತಪ್ಪನ್ನು ನೆನಪಿಸಿದ್ದೂ ಆಯಿತು, ಕೆಲಸವೂ ನಡೆಯಿತು, ಹುಡುಗನ ಮಾನವೂ ಉಳಿಯಿತು.

ಹಾಗಾದರೆ ಏನು ಮಾಡಿದರೂ ಸುಮ್ಮನಿರಬೇಕೇ? ಇಲ್ಲ. ತಪ್ಪುಗಳಲ್ಲಿ ವ್ಯತ್ಯಾಸವಿದೆ. ಗೊತ್ತಿಲ್ಲದೆ ಆದ ತಪ್ಪಿಗೆ ಪರಿಹಾರ ಕಲಿಸುವುದು. ಆಯಾಸದಿಂದ ಆದ ತಪ್ಪಿಗೆ ಪರಿಹಾರ ವಿಶ್ರಾಂತಿ. ಅಲಕ್ಷ್ಯದಿಂದ ಆದದ್ದಕ್ಕೆ ಏಕಾಂತದಲ್ಲಿ ಖಡಾಖಂಡಿತ ಎಚ್ಚರಿಕೆ. ಕಳವು ಮೋಸಗಳಾದರೆ ವಿಚಾರಣೆ, ಬೇಕಾದರೆ ಬಿಡುಗಡೆ. ಇವೆಲ್ಲಕ್ಕೂ ಬೈಗುಳವೊಂದನ್ನೇ ಮದ್ದಾಗಿ ಕೊಡುವವನು ವೈದ್ಯನಲ್ಲ. ಗಿರಾಕಿಗಳ ಮುಂದೆ, ಅದೂ ತಾಯಿತಂದೆಯರನ್ನು ಎಳೆತಂದು ಬೈಯುವವನು ಅಬೂದರ್(ರ) ಅವರಿಗೆ ದೊರೆತ ಎಚ್ಚರಿಕೆಯನ್ನು ನೆನೆಯಬೇಕು.

ಕೈ ಮಾಡುವ ವಿಚಾರವಂತೂ ಇನ್ನೂ ಗಂಭೀರ. ಹ. ಅಬೂ ಮಸ್‌ಊದ್(ರ) ತಮ್ಮ ಗುಲಾಮನನ್ನು ಹೊಡೆಯುತ್ತಿದ್ದಾಗ, ಆತನ ಮೇಲೆ ನಿನಗಿರುವುದಕ್ಕಿಂತ ಹೆಚ್ಚಿನ ಸಾಮರ್ಥ್ಯ ನಿನ್ನ ಮೇಲೆ ಅಲ್ಲಾಹನಿಗಿದೆ ಎಂಬ ಎಚ್ಚರಿಕೆ ಹಿಂದಿನಿಂದ ಕೇಳಿಬಂತು. ನೋಡಿದರೆ ಪ್ರವಾದಿವರ್ಯರು(ಸ). ಅಬೂ ಮಸ್‌ಊದ್(ರ) ಆ ಕ್ಷಣವೇ ಗುಲಾಮನನ್ನು ವಿಮೋಚಿಸಿದರು. ಹಾಗೆ ಮಾಡದಿದ್ದರೆ ನರಕಾಗ್ನಿ ತಾಗುತ್ತಿತ್ತೆಂದು ಪ್ರವಾದಿವರ್ಯರು(ಸ) ತಿಳಿಸಿದರು (ಮುಸ್ಲಿಮ್). ಗುಲಾಮನ ವಿಷಯದಲ್ಲೇ ಹೀಗಿದ್ದರೆ ಸ್ವತಂತ್ರನಾಗಿ ಹುಟ್ಟಿ, ತಾಯಿಯ ಬಡತನದಿಂದಾಗಿ ನಮ್ಮ ಬಳಿಗೆ ಬಂದ ಹುಡುಗನ ವಿಷಯದಲ್ಲಿ ಏನೆನ್ನೋಣ?

ಬಟವಾಡೆ

ಕಾರ್ಮಿಕನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಹದೀಸ್ (ಇಬ್ನು ಮಾಜಃ) ನಮಗೆಲ್ಲ ಬಾಯಿಪಾಠ. ಅಷ್ಟೇ ಪ್ರಸಿದ್ಧವಾಗಬೇಕಾದ ಇನ್ನೊಂದಿದೆ: ಪುನರುತ್ಥಾನ ದಿನದಂದು ಮೂವರಿಗೆ ಸ್ವತಃ ಅಲ್ಲಾಹನೇ ಪ್ರತಿವಾದಿಯಾಗಿ ನಿಲ್ಲುತ್ತಾನೆ. ಅವರಲ್ಲೊಬ್ಬ, ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು (ಬುಖಾರಿ). ವಕೀಲರಿಲ್ಲದ ಆ ನ್ಯಾಯಾಲಯದಲ್ಲಿ ಬಡ ಹುಡುಗನ ಕಡೆಯಿಂದ ವಾದಿಸುವವನು ಯಾರೆಂಬುದನ್ನು ನೆನೆದರೆ ಎದೆ ನಡುಗಬೇಕು.

ದೇಶದ ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ದಿನಗೂಲಿಯನ್ನು ಪಾಳಿ ಮುಗಿದೊಡನೆ, ವಾರದ ಪಗಾರವನ್ನು ವಾರದ ರಜೆಗೆ ಮುಂಚಿನ ಕೆಲಸದ ದಿನ, ತಿಂಗಳ ಪಗಾರವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಿದವನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ನಿಗದಿತ ವೇಳೆ ಮೀರಿದ ದುಡಿಮೆಗೆ ಇಮ್ಮಡಿ ದರಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು. ಒಡಂಬಡಿಕೆಗಳನ್ನು ಪೂರ್ಣಗೊಳಿಸಿರೆಂಬ ಕುರ್‌ಆನ್‌ನ ಆಜ್ಞೆ (ಅಲ್‌ಮಾಇದಃ: 1) ತಿಳಿದವನು ಇದನ್ನು ಸರಕಾರದ ಕಾಟವೆಂದು ಭಾವಿಸಲಾರ.

‘ಬಾಕಿ ಇಟ್ಟುಕೊಂಡರೆ ಹುಡುಗ ಓಡಿಹೋಗುವುದಿಲ್ಲ’ ಎಂಬ ಲೆಕ್ಕಾಚಾರ ಕೆಲವರದ್ದು. ಇನ್ನು ಕೆಲವರು ಮದುವೆಗೋ ಕಾಯಿಲೆಗೋ ಉಚಲ ಕೊಟ್ಟು, ಅದು ತೀರುವ ತನಕ ಬೇರೆ ಕಡೆ ಹೋಗಬಾರದೆಂದು ಕಟ್ಟಿಹಾಕುತ್ತಾರೆ. ಸಾಲದ ಹಗ್ಗದಿಂದ ದುಡಿಮೆಗಾರನನ್ನು ಕಟ್ಟುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ಪ್ರಕಾರ ಅಪರಾಧ. ಕಷ್ಟದಲ್ಲಿ ಸಾಲ ಕೊಡುವುದು ಪುಣ್ಯ. ಆ ಪುಣ್ಯವನ್ನು ಸಂಕೋಲೆಯಾಗಿ ಮಾರ್ಪಡಿಸುವುದು ಅಕ್ರಮ.

ಗುಹೆಯಲ್ಲಿ ಸಿಲುಕಿದ ಮೂವರ ಕಥೆ ನಮಗೆ ಗೊತ್ತು. ಅವರಲ್ಲೊಬ್ಬ, ಕೂಲಿ ಪಡೆಯದೆ ಹೋದ ಕೆಲಸಗಾರನ ಪಾಲನ್ನು ತೊಡಗಿಸಿ ಬೆಳೆಸಿದ. ವರ್ಷಗಳ ನಂತರ ಆತ ಬಂದು ಕೇಳಿದಾಗ ಬೆಳೆದುನಿಂತ ಜಾನುವಾರುಗಳ ಮಂದೆಯನ್ನೆಲ್ಲ ಅವನಿಗೇ ಒಪ್ಪಿಸಿದ. ಆ ಕಾರ್ಯವನ್ನು ಮುಂದಿಟ್ಟು ಪ್ರಾರ್ಥಿಸಿದಾಗ ಗುಹೆಯ ಬಂಡೆ ಸರಿಯಿತು (ಬುಖಾರಿ, ಮುಸ್ಲಿಮ್). ನಮ್ಮ ಬದುಕಿನ ಬಂಡೆಗಳು ಸರಿಯಬೇಕಾದರೆ ನಮ್ಮ ಹಾಜರಿ ಪುಸ್ತಕದಲ್ಲಿ ಅಂಥ ಒಂದು ಪುಟವಾದರೂ ಇದೆಯೇ?

ಉತ್ಸಾಹ ಹುಟ್ಟುವುದು ಎಲ್ಲಿಂದ?

ಪಗಾರ ಸರಿಯಾಗಿ ಕೊಟ್ಟರೆ ಅಸಮಾಧಾನ ದೂರವಾಗುತ್ತದೆ. ಆದರೆ ಉತ್ಸಾಹ ಹುಟ್ಟಲು ಅಷ್ಟೇ ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಇದನ್ನೇ ಹೇಳಿದರು. ಸಂಬಳ, ಸೌಕರ್ಯಗಳು ಕೊರತೆಯಾದರೆ ಮನಸ್ಸು ಕಹಿಯಾಗುತ್ತದೆ. ಆದರೆ ಮನಸ್ಸಿಟ್ಟು ದುಡಿಯುವಂತೆ ಮಾಡುವುದು ಸಾಧಿಸಿದ ತೃಪ್ತಿ, ಮೆಚ್ಚುಗೆ, ಹೊಣೆ ಮತ್ತು ಬೆಳವಣಿಗೆ.

ಮದೀನಾದ ಮಸೀದಿ ಕಟ್ಟುವಾಗ ಯಮಾಮದಿಂದ ಬಂದ ಹ. ತಲ್ಕ್ ಬಿನ್ ಅಲೀ(ರ) ಮಣ್ಣು ಕಲಸುತ್ತಿದ್ದರು. ಅವರ ಕೈಯ ಹದವನ್ನು ಪ್ರವಾದಿವರ್ಯರು(ಸ) ಮೆಚ್ಚಿ, ಈ ಕೆಲಸದಲ್ಲಿ ಇವರೇ ನುರಿತವರಾದ್ದರಿಂದ ಮಣ್ಣನ್ನು ಇವರಿಗೇ ಬಿಡಿರೆಂದು ಇತರರಿಗೆ ತಿಳಿಸಿದರು (ಅಹ್ಮದ್, ಇಬ್ನು ಹಿಬ್ಬಾನ್). ಮಣ್ಣಿನ ಹದ ಎಷ್ಟು ಸೂಕ್ಷ್ಮವೆಂಬುದನ್ನು ಕುಂಬಾರಿಕೆಯ ತರಬೇತಿಗೆಂದೇ ಕೇಂದ್ರೀಯ ಸಂಸ್ಥೆಯಿರುವ ನಮ್ಮ ಖಾನಾಪುರದವರಿಗೆ ಹೇಳಬೇಕಾಗಿಲ್ಲ. ಎಲ್ಲರೂ ಕೀಳೆಂದು ಭಾವಿಸುವ ಮಣ್ಣಿನ ಕೆಲಸಕ್ಕೂ ಬಹಿರಂಗವಾಗಿ ಸಂದ ಆ ಮೆಚ್ಚುಗೆ ಶತಮಾನಗಳ ಬಳಿಕವೂ ಉಳಿದಿದೆ. ನಾವು ತಪ್ಪನ್ನು ಎಲ್ಲರೆದುರು ಹೇಳುತ್ತೇವೆ, ಮೆಚ್ಚುಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಇದನ್ನು ತಿರುಗಿಸಿದರೆ ಸಾಕು.

ಹೊಣೆ ಒಪ್ಪಿಸುವುದೂ ಒಂದು ಮೆಚ್ಚುಗೆಯೇ. ಹ. ಉಸಾಮಃ(ರ) ಇನ್ನೂ ಎಳೆಯ ತರುಣ, ವಿಮೋಚಿತ ಗುಲಾಮರ ಪುತ್ರ. ಹಿರಿಯ ಸಹಾಬಿಗಳಿದ್ದ ಸೇನೆಗೆ ಅವರನ್ನು ನಾಯಕರನ್ನಾಗಿ ನೇಮಿಸಿದಾಗ ಕೆಲವರು ಆಕ್ಷೇಪಿಸಿದರು. ಪ್ರವಾದಿವರ್ಯರು(ಸ) ಅವರ ಅರ್ಹತೆಯನ್ನು ಬಹಿರಂಗವಾಗಿ ಸಮರ್ಥಿಸಿದರು (ಬುಖಾರಿ). ಎರಡು ವರ್ಷ ಕಲಿತ ಹುಡುಗನಿಗೆ ಒಂದು ಗಾಡಿಯ ಪೂರ್ತಿ ಕೆಲಸ ಒಪ್ಪಿಸಿ, ಗಿರಾಕಿ ಬಂದಾಗ ‘ಇವನೇ ಮಾಡಿದ್ದು’ ಎಂದು ಹೇಳಿ ನೋಡಿರಿ.

ಸಣ್ಣ ಸಂಗತಿಗಳೂ ಇವೆ. ನಮಾಝ್‌ಗೆ ಬಿಡುವು ಕೊಡಿರಿ, ಜೊತೆಯಲ್ಲಿ ಕರೆದೊಯ್ಯಿರಿ. ಹಾಗೆಯೇ ಅನ್ಯಧರ್ಮೀಯ ಕೆಲಸಗಾರನಿಗೆ ಅವನ ಹಬ್ಬದ ರಜೆ ಕೊಡಲು ಮರೆಯದಿರಿ. ಖಾನಾಪುರದ ಹಳ್ಳಿಗಳಿಂದ ಮಳೆಗಾಲದಲ್ಲಿ ಬಸ್ಸು ಹಿಡಿದು ಬರುವವನು ಹತ್ತು ನಿಮಿಷ ತಡವಾದರೆ ಅವನು ದಾಟಿ ಬಂದ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವನ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರಿಗೆ ಪರೀಕ್ಷೆ ಎಂದು ವಿಚಾರಿಸಿರಿ.

ದುಡಿಯುವವರಿಗೂ ಒಂದು ಮಾತು

ಹಕ್ಕು ಕೇಳುವವನಿಗೆ ಕರ್ತವ್ಯವೂ ಇದೆ. ಅಳೆದುಕೊಳ್ಳುವಾಗ ಪೂರ್ತಿ ತೆಗೆದುಕೊಂಡು ಕೊಡುವಾಗ ಕಡಿಮೆ ಮಾಡುವವರಿಗೆ ಕುರ್‌ಆನ್ ವಿನಾಶದ ಎಚ್ಚರಿಕೆ ನೀಡಿದೆ (ಅಲ್‌ಮುತಫ್ಫಿಫೀನ್: 1-3). ವೇಳೆಯೂ ಅಳತೆಯೇ. ಪೂರ್ತಿ ಪಗಾರ ಪಡೆದು ಅರ್ಧ ದಿನ ಮೊಬೈಲ್ ನೋಡುವವನೂ ಇದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾನೆ. ನಮ್ಮ ನಾಡಿನ 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನು ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂದು ಎಲ್ಲರೂ ಓದಿದ್ದೇವೆ. ತನ್ನದಲ್ಲದ್ದು ಬೇಡವೆಂಬ ಆ ಸ್ವಾಭಿಮಾನ ದುಡಿಯುವ ಕೈಗೆ ಭೂಷಣ. ಕೆಲಸ ಬಿಡುವುದಿದ್ದರೂ ಮುಂಚಿತವಾಗಿ ತಿಳಿಸಿ, ಕಲಿಸಿದವನಿಗೆ ಕೃತಜ್ಞತೆ ಹೇಳಿ ಹೋಗುವುದು ಸತ್ಯವಿಶ್ವಾಸಿಯ ಲಕ್ಷಣ.

ಇಂದೇ ಕೇಳಿಕೊಳ್ಳೋಣ

ಈ ಪಾಠವನ್ನು ಮನೆಯಲ್ಲಿ ಎಲ್ಲರೂ ಕೂಡಿ ಓದಿ, ಕೆಳಗಿನ ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳೋಣ.

1. ನನ್ನ ಕೈಕೆಳಗಿನವರ ಪೂರ್ತಿ ಹೆಸರು, ಊರು, ಮನೆಯ ಸ್ಥಿತಿ ನನಗೆ ಗೊತ್ತಿದೆಯೇ?

2. ಯಾರದ್ದಾದರೂ ಪಗಾರ, ಬಾಕಿ ನನ್ನಲ್ಲಿ ಉಳಿದಿದೆಯೇ? ಕೆಲಸ ಬಿಟ್ಟು ಹೋದವನದ್ದೂ?

3. ಕಳೆದ ತಿಂಗಳು ನನ್ನ ಕೆಲಸಗಾರ ನನ್ನಿಂದ ಹೊಸದಾಗಿ ಏನು ಕಲಿತ?

4. ಅವನನ್ನು ಕೊನೆಯ ಬಾರಿ ಬೈದದ್ದು ಯಾವಾಗ, ಮೆಚ್ಚಿದ್ದು ಯಾವಾಗ?

5. ನನ್ನ ಮಗ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುತ್ತಿದ್ದರೆ ಆ ಯಜಮಾನ ಹೇಗಿರಬೇಕೆಂದು ಬಯಸುತ್ತಿದ್ದೆ?

ಇವುಗಳಲ್ಲಿ ಕೊನೆಯ ಪ್ರಶ್ನೆಯೊಂದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಉಳಿದವುಗಳ ಉತ್ತರ ತಾನಾಗಿ ಹೊಳೆಯುತ್ತದೆ. ಒಬ್ಬ ತಾಯಿ ತನ್ನ ಮಗನನ್ನು ನಮ್ಮ ಅಂಗಡಿಯ ಮೆಟ್ಟಿಲ ತನಕ ಕರೆತಂದು ‘ಇವನನ್ನೊಬ್ಬ ಮನುಷ್ಯನನ್ನಾಗಿ ಮಾಡಿ’ ಎಂದು ಹೇಳಿ ಹೋಗುವಾಗ ಆಕೆ ನಮಗೆ ಕೂಲಿಯಾಳನ್ನು ಒಪ್ಪಿಸಿರುವುದಿಲ್ಲ, ತನ್ನ ಬದುಕಿನ ಆಸರೆಯನ್ನೇ ಒಪ್ಪಿಸಿರುತ್ತಾಳೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಿರೆಂಬುದು ಅಲ್ಲಾಹನ ಆಜ್ಞೆ (ಅನ್ನಿಸಾ: 58). ಕೆಲವು ವರ್ಷಗಳ ನಂತರ ಆ ತಾಯಿಗೆ ನಾವು ಏನನ್ನು ಹಿಂದಿರುಗಿಸುತ್ತೇವೆ? ಕೈಯಲ್ಲಿ ಕಸುಬು, ಮನಸ್ಸಿನಲ್ಲಿ ಧೈರ್ಯ, ನಾಲಿಗೆಯಲ್ಲಿ ಸಭ್ಯತೆ ಇರುವ ಯುವಕನನ್ನೇ, ಅಥವಾ ಬೈಗುಳವನ್ನಷ್ಟೇ ಕಲಿತವನನ್ನೇ?

ಕೈಕೆಳಗಿನವರ ಹಕ್ಕುಗಳನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.